ಗುರುತಿಲ್ಲದ ಹರಿವಾಣ

ವೆಜಿಹೆ ಬಾಯಿ ಮುಚ್ಚಿದ್ದು ಕತ್ತೆಯ ಮಾತು ಆಡಿದ ದಿನ.

ಅವಳು ಆಸ್ಪತ್ರೆಯಿಂದ ಮನೆಗೆ ಬಂದ ವಾರ ಅದು. ಬೀದಿಯ ಅರ್ಧ ಜನ ನೋಡಲು ಬಂದು ಹಜಾರದ ದಿಂಬುಗಳಿಗೆ ಒರಗಿ ಒತ್ತೊತ್ತಾಗಿ ಕೂತಿದ್ದರು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಅವಳ ಬಲಗೈ ಸೋತಿತ್ತು, ನಾಲಿಗೆ ತೊಡರುತ್ತಿತ್ತು. ಆದರೂ ಮನೆಯೊಡತಿ ಮನೆಯೊಡತಿಯೇ. ಬಂದವರ ಕೈಗೆ ಇನ್ನೂ ಚಹಾ ಹೋಗಿಲ್ಲ ಅನ್ನುವುದು ಮೊದಲು ಅವಳ ಕಣ್ಣಿಗೇ ಬಿತ್ತು. ಗಂಡನ ಕಡೆ ತಿರುಗಿ, ಸೊಟ್ಟ ತುಟಿಗಳನ್ನು ಕಷ್ಟಪಟ್ಟು ಕೂಡಿಸಿ, ಎಲ್ಲರಿಗೂ ಕೇಳುವಂತೆ ಹೇಳಿದಳು:

"ಹುರ್ಶಿತ್, ಬಂದೋರಿಗೆಲ್ಲ ಒಂದೊಂದು ಕತ್ತೆ ಕೊಡು."

ಮೊದಲು ಯಾರೋ ಮೂಗಿನಲ್ಲಿ ನಕ್ಕರು, ಮತ್ಯಾರೋ ಸೆರಗಿನಂಥ ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡರು, ಕೊನೆಗೆ ಗೋಡೆ ನಡುಗುವಂತೆ ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಹುರ್ಶಿತ್. ಎಷ್ಟೋ ದಿನಗಳ ಭಯ ಆ ನಗುವಿನಲ್ಲಿ ಒಮ್ಮೆಲೇ ಹೊರಬಿತ್ತು. ಕಣ್ಣೊರೆಸಿಕೊಂಡು ಹೆಂಡತಿಯನ್ನು ನೋಡಿದಾಗ ಅವಳು ಗೋಡೆಯ ಕಡೆ ಮುಖ ತಿರುಗಿಸಿದ್ದಳು. ಅಂದಿನಿಂದ ಒಂದು ಮಾತಿಲ್ಲ. ಬೇಕಾದ್ದಕ್ಕೆ ಎಡಗೈ ತೋರಿಸುವುದು, ಬೇಡವಾದ್ದಕ್ಕೆ ಕಣ್ಣು ಮುಚ್ಚುವುದು, ಅಷ್ಟೇ.

"ಮಾತು ಹೋಗಿಲ್ಲ, ಒಳಗೇ ಇದೆ," ಅಂದಿದ್ದರು ಡಾಕ್ಟರು. "ತಪ್ಪಾದರೂ ಪರವಾಗಿಲ್ಲ, ಆಡ್ತಾ ಇರಬೇಕು. ಆಡದೇ ಇದ್ದರೆ ತುಕ್ಕು ಹಿಡಿಯುತ್ತೆ. ಹೇಗಾದರೂ ಮಾಡಿ ಬಾಯಿ ಬಿಡಿಸಿ."

ಹೇಗಾದರೂ ಅಂದರೆ ಹೇಗೆ ಎಂದು ಡಾಕ್ಟರು ಹೇಳಲಿಲ್ಲ. ದಾದಿಯೊಬ್ಬಳು ಬೆಕ್ಕು, ಮನೆ, ಸೇಬಿನ ಚಿತ್ರಗಳಿದ್ದ ರಟ್ಟಿನ ತುಂಡುಗಳನ್ನು ತಂದು ಮುಂದೆ ಹರಡಿದಳು. ವೆಜಿಹೆ ಎಡಗೈಯಿಂದ ಅವನ್ನು ಒಂದೊಂದಾಗಿ ಬೋರಲು ಹಾಕಿ, ಅಂಚಿಗೆ ಅಂಚು ಕೂಡಿಸಿ ಜೋಡಿಸಿ, ವಾಪಸು ಕೊಟ್ಟಳು.

ಇಡೀ ಕಿಲಿಸ್ ಪೇಟೆಯಲ್ಲಿ ವೆಜಿಹೆಯ ಬಾಯಿಗೆ ಹೆದರದವರು ಕಡಿಮೆ. ಮದುವೆ ಮನೆಯಲ್ಲಿ ಬಾಣಸಿಗನ ಕೈಯಿಂದ ಸೌಟು ಕಿತ್ತುಕೊಂಡು, "ಇದು ಗೋಧಿ ನುಚ್ಚಿನ ಅನ್ನವೋ, ಗಾರೆ ಕಲಸಿದ್ದೋ?" ಎಂದು ಕೇಳಿದವಳು ಅವಳು. ಬೇರೆಯವರು ಅಡುಗೆಯಲ್ಲಿ ತಪ್ಪು ಮಾಡುವುದನ್ನು ನೋಡಿಕೊಂಡು ಸುಮ್ಮನಿರುವುದು ಅವಳ ಹುಟ್ಟಿನಲ್ಲೇ ಇರಲಿಲ್ಲ. ಹುರ್ಶಿತ್‌ಗೆ ಉಪಾಯ ಹೊಳೆದದ್ದು ಈ ಸ್ವಭಾವದಿಂದಲೇ.

ಹುರ್ಶಿತ್ ಜೀವಮಾನವೆಲ್ಲ ತಕ್ಕಡಿ ರಿಪೇರಿ ಮಾಡಿದವನು, ಪೇಟೆಯವರ ಬಾಯಲ್ಲಿ ಉಸ್ತಾ, ಅಂದರೆ ಕಸುಬಿನ ಮೇಸ್ತ್ರಿ. ಚಿನಿವಾರರ ಪುಟ್ಟ ತಕ್ಕಡಿಯಿಂದ ಹತ್ತಿ ಮೂಟೆ ತೂಗುವ ದೊಡ್ಡ ತೊಲೆಯವರೆಗೆ ಎಲ್ಲ ಅವನ ಅಂಗಡಿಗೆ ಬರುತ್ತಿದ್ದವು. ಬ್ಯಾಟರಿ ತಕ್ಕಡಿಗಳು ಬಂದ ಮೇಲೆ ಅಂಗಡಿ ಮುಚ್ಚಿದ, ಆದರೆ ಕೆಲಸದ ಬುದ್ಧಿ ಉಳಿಯಿತು. ತಕ್ಕಡಿ ವಾಲಿದರೆ ಕಾರಣ ಹುಡುಕಬೇಕು. ಹುಡುಕುವಾಗ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಎರಡು ಬದಲಾಯಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಅವನು ಲೆಕ್ಕ ಹಾಕಿದ್ದು ಇಷ್ಟು: ಹೆಂಡತಿಯ ಕಣ್ಣೆದುರಿಗೇ ಅವಳ ಬದನೆಕಾಯಿ ಹರಿವಾಣ, ಅಂದರೆ ಹರಿವಾಣದಲ್ಲಿ ಜೋಡಿಸಿ ಬೇಯಿಸುವ ಅಡುಗೆ, ಮಾಡುವುದು. ಬೇಕೆಂದೇ ಒಂದೊಂದು ತಪ್ಪು ಮಾಡುತ್ತಾ ಹೋಗುವುದು. ಯಾವುದೋ ಒಂದು ತಪ್ಪಿಗೆ ಅವಳ ಬಾಯಿ ತೆರೆಯಲೇಬೇಕು.

ಅಲ್ಲಿಯವರೆಗೆ ಊಟ ಅಕ್ಕಪಕ್ಕದಿಂದ ಬರುತ್ತಿತ್ತು. ಬಂದ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವುದು ಆ ಬೀದಿಯಲ್ಲಿ ಇಲ್ಲದ ಮಾತು. ಹುರ್ಶಿತ್ ಪ್ರತಿ ತಟ್ಟೆಗೂ ಒಂದೊಂದು ಹಿಡಿ ಒಣದ್ರಾಕ್ಷಿ ಹಾಕಿ ಕಳಿಸಿ ಕಳಿಸಿ, ಮನೆಯ ದ್ರಾಕ್ಷಿ ಡಬ್ಬಿಯ ತಳ ಕಾಣುತ್ತಿತ್ತು. ಒಲೆ ಹಚ್ಚಲು ಅದೂ ಒಂದು ಕಾರಣ.

ಅಡುಗೆಮನೆಯ ಬಾಗಿಲಿಗೆ ಎದುರಾಗಿ ವೆಜಿಹೆಯ ಮಂಚ ಹಾಕಿದ. ಅದರ ಮುಂದೆ ತಗ್ಗು ಮೇಜು ಇಟ್ಟು ಬದನೆಕಾಯಿ ಸುರಿದ. ಸಣ್ಣನೆಯ ಉದ್ದ ಕಾಯಿ ತರಬೇಕಿತ್ತು. ಬೇಕೆಂದೇ ದಪ್ಪನೆಯ ಬೀಜದ ಕಾಯಿ ತಂದಿದ್ದ. ವೆಜಿಹೆ ಕಾಯಿಗಳನ್ನು ನೋಡಿದಳು. ಗಂಡನನ್ನು ನೋಡಿದಳು. ಅಷ್ಟೇ.

ಅವಳು ಯಾವಾಗಲೂ ಸಿಪ್ಪೆಯನ್ನು ಪಟ್ಟೆಪಟ್ಟೆಯಾಗಿ ತೆಗೆಯುತ್ತಿದ್ದಳು, ಒಂದು ಪಟ್ಟೆ ಬಿಳಿ, ಒಂದು ಪಟ್ಟೆ ಕಪ್ಪು. ಹಾಗೆ ಮಾಡಿದರೆ ಬೆಂದ ಮೇಲೂ ಕಾಯಿ ಮೈ ಬಿಡುವುದಿಲ್ಲ. ಹುರ್ಶಿತ್ ಪೂರ್ತಿ ಸಿಪ್ಪೆ ಹೆರೆದು ಬೋಳು ಮಾಡಿದ. ಕಹಿ ಇಳಿಯಲು ಉಪ್ಪುನೀರಿನಲ್ಲಿ ನೆನೆಸಬೇಕು. ನೆನೆಸದೆ ನೇರವಾಗಿ ಎಣ್ಣೆಗೆ ಬಿಟ್ಟ. ವೆಜಿಹೆ ಉಸಿರೆಳೆದುಕೊಂಡಳು. ಅವನ ಕೈ ಗಾಳಿಯಲ್ಲೇ ನಿಂತಿತು. ಬಂತು, ಈಗ ಬಂತು ಎಂದುಕೊಂಡ.

ಅವಳು ಆ ಉಸಿರನ್ನು ಮೂಗಿನಿಂದ ಮೆಲ್ಲಗೆ ಬಿಟ್ಟು ಕಣ್ಣು ಮುಚ್ಚಿದಳು.

ಮನೆಯ ಗ್ಯಾಸ್ ಒಲೆಪೆಟ್ಟಿಗೆಯಿಂದ ಹೊರಬಂದದ್ದು ಕಂದು ಬಣ್ಣದ ಗೊಜ್ಜು. ವೆಜಿಹೆ ಒಂದು ತುತ್ತು ಬಾಯಿಗಿಟ್ಟು, ಮರ್ಯಾದೆಯಿಂದ ಕರವಸ್ತ್ರಕ್ಕೆ ಉಗುಳಿ, ಕರವಸ್ತ್ರ ಮಡಿಸಿದಳು. ಮಿಕ್ಕಿದ್ದನ್ನು ಹುರ್ಶಿತ್ ರೊಟ್ಟಿಗೆ ಹಚ್ಚಿಕೊಂಡು ಒಬ್ಬನೇ ತಿಂದ. ತಾನೇ ಬೇಕೆಂದು ಕೆಡಿಸಿದ್ದು, ಚೆಲ್ಲಿದರೆ ಪಾಪ.

ಎರಡನೆಯ ಸಲ ಒಂದೇ ತಪ್ಪು ಎಂದು ನಿಯಮ ಮಾಡಿಕೊಂಡ. ಬೆಳ್ಳುಳ್ಳಿಯನ್ನು ಜಜ್ಜದೆ ಇಡೀ ಎಸಳು ಹಾಕುವುದು, ಮಿಕ್ಕಿದ್ದೆಲ್ಲ ಸರಿಯಾಗಿ. ಆದರೆ ಬೇಕೆಂದು ಮಾಡುವ ತಪ್ಪಿಗೂ ಕೆಲಸಕ್ಕೆ ಪಳಗಿದ ಕೈ ಬೇಕು. ಬೆಳ್ಳುಳ್ಳಿ ಬಿಡಿಸುತ್ತಾ ಕೂತಿದ್ದಾಗ ಈರುಳ್ಳಿ ತಾನಾಗಿಯೇ ಕರಕಲಾಯಿತು. ಟೊಮೆಟೊ ಹಾಕಿದ, ಕರಕಲು ಟೊಮೆಟೊದ ಮೇಲೆ ತೇಲಿತು. ಉಪ್ಪಿನ ಡಬ್ಬಿ ಹಿಡಿದುಕೊಂಡು ಎಷ್ಟು ಹಾಕಬೇಕೆಂದು ತಿಳಿಯದೆ ನಿಂತಾಗ, ಮದುವೆಯಾದ ಹೊಸತರ ಒಂದು ಮಾತು ನೆನಪಾಯಿತು.

"ಉಪ್ಪು ಎಷ್ಟು ಹಾಕ್ತೀಯ?" ಎಂದು ಅವನು ಆಗ ಕೇಳಿದ್ದ, ಸುಮ್ಮನೆ ಮಾತಿಗೆ.

"ಎಷ್ಟು ಹಿಡಿಯುತ್ತೋ ಅಷ್ಟು."

"ಅಂದರೆ? ಗ್ರಾಂ ಲೆಕ್ಕದಲ್ಲಿ ಹೇಳು."

"ಗ್ರಾಂ ಎಲ್ಲ ನಿನ್ನ ಅಂಗಡೀಲಿ ಇಟ್ಕೋ. ನನ್ನ ಒಲೆ ಮುಂದೆ ಗ್ರಾಂ ಇಲ್ಲ."

ಆ ಉತ್ತರ ಅವನನ್ನು ವರ್ಷಗಟ್ಟಲೆ ಉರಿಸಿತ್ತು. ಹಿಟ್ಟಿಗೆ ನೀರೆಷ್ಟು? ಹಿಡಿಯುವಷ್ಟು. ಎಣ್ಣೆ ಎಷ್ಟು? ಕೇಳುವಷ್ಟು. ತೂಕದ ಮೇಲೆ ಬದುಕಿದವನ ಮನೆಯಲ್ಲಿ ತೂಕಕ್ಕೇ ಜಾಗವಿರಲಿಲ್ಲ. ಈಗ ಅದೇ ಉತ್ತರವನ್ನು ಇನ್ನೊಂದು ಸಲ ಕೇಳಲು ಅವನು ಏನು ಬೇಕಾದರೂ ಕೊಡುತ್ತಿದ್ದ.

"ಉಪ್ಪು ಎಷ್ಟು, ವೆಜಿಹೆ?"

ಅವನು ಚಮಚದಲ್ಲಿ ಉಪ್ಪು ಎತ್ತಿ ತೋರಿಸಿದ.

"ಇಷ್ಟು ಸಾಕಾ? ಇನ್ನಷ್ಟಾ? ಇಡೀ ಡಬ್ಬಿ ಸುರೀಲಾ?"

ಅವಳು ಕಿಟಕಿಯ ಕಡೆ ನೋಡಿದಳು.

ಒಲೆಪೆಟ್ಟಿಗೆಯಲ್ಲಿ ಮೇಲ್ಭಾಗ ಸೀದು ಕಪ್ಪಾಗಿ ತಳಭಾಗ ಹಸಿಯಾಗಿಯೇ ಉಳಿದಿದ್ದನ್ನು ಕಂಡಾಗ ಹುರ್ಶಿತ್‌ನ ತಾಳ್ಮೆ ಹರಿಯಿತು. ಸೌಟನ್ನು ಮೇಜಿಗೆ ಕುಕ್ಕಿದ. "ಬೈಯಿ ನನ್ನ! ಕಂಡೋರನ್ನೆಲ್ಲ ಬೈದಿದೀಯಲ್ಲ, ನನಗೆ ಯಾಕೆ ಈ ಶಿಕ್ಷೆ? ಒಂದು ಸಲ ನಕ್ಕೆ. ನಕ್ಕಿದ್ದು ತಪ್ಪು. ನೂರು ಸಲ ತಪ್ಪು! ಕೈಲಾಗದವನು ಅನ್ನು, ಮುದಿ ಕೋಣ ಅನ್ನು, ಏನಾದರೂ ಅನ್ನೇ ಮಾರಾಯ್ತಿ!"

ವೆಜಿಹೆ ಎಡಗೈಯಿಂದ ಕಂಬಳಿ ಎಳೆದು ತಲೆಯ ಮೇಲೆ ಹೊದ್ದುಕೊಂಡಳು. ಆಗಸ್ಟ್ ತಿಂಗಳು, ಹೊರಗೆ ಕಲ್ಲುಹಾಸಿನ ಮೇಲೆ ಬರಿಗಾಲಿಡಲು ಆಗದಂಥ ಬಿಸಿಲು. ಆ ಕಂಬಳಿಯ ಗುಡ್ಡೆಯನ್ನು ನೋಡುತ್ತಾ ಹುರ್ಶಿತ್ ಬಹಳ ಹೊತ್ತು ನಿಂತ. ಅವನಿಗೆ ತನ್ನ ಉಪಾಯದ ಬಗ್ಗೆಯೇ ಹೇಸಿಗೆಯಾಯಿತು. ಮಾತು ಬಾರದೆ ನರಳುವವಳ ಕಣ್ಣೆದುರಿಗೆ ಅವಳ ಅಡುಗೆಯನ್ನು ಹಾಳು ಮಾಡುವುದು, ನಕ್ಕಿದ್ದಕ್ಕಿಂತ ಯಾವ ರೀತಿಯಲ್ಲಿ ಮೇಲು?

ಕಂಬಳಿಯ ಅಂಚನ್ನು ಮೆಲ್ಲಗೆ ಎತ್ತಿದ. ಅವಳ ಹಣೆ ಬೆವರಿನಿಂದ ತೊಯ್ದಿತ್ತು. "ಇನ್ನು ಕೆಡಿಸಲ್ಲ," ಅಂದ. "ಸರಿಯಾಗಿ ಮಾಡ್ತೀನಿ. ನೀನು ಮಾತಾಡದಿದ್ದರೂ ಸರಿ, ತಿಂದರೆ ಸಾಕು."

ಸಾಕು ಎಂದದ್ದು ಬಾಯಿ. ಮನಸ್ಸಿಗೆ ಅದು ಸಾಲದು ಎಂದು ಅವನಿಗೂ ಗೊತ್ತಿತ್ತು.

ಶುಕ್ರವಾರ ಬೆಳಿಗ್ಗೆ ಸಂತೆಯಿಂದ ಸಣ್ಣನೆಯ ಉದ್ದ ಕಾಯಿಗಳನ್ನೇ ಆರಿಸಿ ತಂದ. ಪಟ್ಟೆಪಟ್ಟೆಯಾಗಿ ಸಿಪ್ಪೆ ತೆಗೆದ. ಉಪ್ಪುನೀರಿನಲ್ಲಿ ಮುಳುಗಿಸಿ ಮೇಲೆ ತಟ್ಟೆ ಬೋರಲು ಹಾಕಿ, ಅದರ ಮೇಲೆ ಅಂಗಡಿಯ ಕಾಲದ ಹಿತ್ತಾಳೆ ತೂಕದ ಕಲ್ಲೊಂದನ್ನು ಹೇರಿದ. ವೆಜಿಹೆಯ ತುಟಿಯ ಒಂದು ತುದಿ ಅಲುಗಿದಂತೆ ಕಂಡಿತು. ನೀರು ಕಪ್ಪಾದ ಮೇಲೆ ಹಿಂಡಿ, ಒರೆಸಿ, ಆಲಿವ್ ಎಣ್ಣೆಯಲ್ಲಿ ಬಾಡಿಸಿದ. ಈರುಳ್ಳಿಯ ಪಕ್ಕದಿಂದ ಕದಲಲಿಲ್ಲ. ಟೊಮೆಟೊ, ಜಜ್ಜಿದ ಬೆಳ್ಳುಳ್ಳಿ, ಒಣ ಪುದಿನ, ಕೊನೆಗೆ ದಾಳಿಂಬೆ ಹುಳಿ. ಉಪ್ಪು ಹಾಕುವಾಗ ಅವಳ ಮುಖವನ್ನೇ ನೋಡುತ್ತಾ ಹಾಕಿದ. ಅವಳ ರೆಪ್ಪೆ ಇಳಿದ ಕಡೆ ನಿಲ್ಲಿಸಿದ. ಅದು ಸಾಕು ಎಂಬುದೋ, ಆಯಾಸವೋ ತಿಳಿಯಲಿಲ್ಲ. ಕಲಾಯಿ ಹಾಕಿದ ತಾಮ್ರದ ಹರಿವಾಣದಲ್ಲಿ ಎಲ್ಲವನ್ನೂ ಜೋಡಿಸಿ, ಬಟ್ಟೆ ಮುಚ್ಚಿ, ಈ ಸಲ ಬೀದಿಯ ಮೂಲೆಯ ರೊಟ್ಟಿ ಭಟ್ಟಿಗೇ ಹೊತ್ತುಕೊಂಡು ಹೋದ. ವೆಜಿಹೆ ಮೊದಲಿನಿಂದಲೂ ಅಲ್ಲಿಗೇ ಕಳಿಸುತ್ತಿದ್ದಳು.

ಭಟ್ಟಿಯ ಒಡೆಯ ಅಬುಜೆರ್ ಉದ್ದನೆಯ ಮರದ ಸಲಿಕೆ ಹಿಡಿದು ಬೆವರಿಳಿಸುತ್ತಿದ್ದ. ಬಾಗಿಲಲ್ಲಿ ಹರಿವಾಣಗಳ ಸಾಲು.

"ಓಹೋ, ಹುರ್ಶಿತ್ ಉಸ್ತಾ! ತಕ್ಕಡಿ ತಟ್ಟೇಲಿ ಬದನೆಕಾಯಿ ಬೆಳೆದಿದೆಯಾ?"

"ಮಾತು ಸಾಕು, ಒಳಗೆ ತಳ್ಳು."

ಅಬುಜೆರ್ ಬಟ್ಟೆ ಎತ್ತಿ ನೋಡಿದ. "ಗುರುತು ಎಲ್ಲಿ?"

"ಏನು ಗುರುತು?"

"ಅಯ್ಯೋ ಉಸ್ತಾ! ವೆಜಿಹೆ ಅಕ್ಕ ಮೂಲೇಲಿ ಎರಡು ಮೆಣಸಿನಕಾಯಿ ಅಡ್ಡಡ್ಡ ಇಟ್ಟು ಕಳಿಸೋರು. ಎದುರುಮನೆಯೋರು ಹಿಟ್ಟಿನ ಮುದ್ದೆ ಅಂಟಿಸ್ತಾರೆ. ಒಬ್ಬೊಬ್ಬರದು ಒಂದೊಂದು. ಈ ತಿಂಗಳು ಊರಿಗೆ ಊರೇ ಬದನೆಕಾಯಿ ತಿನ್ನುತ್ತೆ, ಎಲ್ಲ ಹರಿವಾಣವೂ ಒಬ್ಬನೇ ಕಂಚುಗಾರ ಬಡಿದಿದ್ದು. ನಾನು ಹೇಗೆ ಹೇಳಲಿ ಯಾವುದು ಯಾರದು ಅಂತ? ಹೋಗಿ ಎರಡು ಮೆಣಸಿನಕಾಯಿ ತಗೊಂಡು ಬಾ."

ಹುರ್ಶಿತ್‌ಗೆ ಆ ಬಿಸಿಲಲ್ಲಿ ಮತ್ತೆ ಮನೆಗೆ ಹೋಗಿ ಬರುವ ಮನಸ್ಸಿರಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಮನೆಯ ಗುರುತು ತನಗೆ ಗೊತ್ತಿಲ್ಲ ಎಂಬುದನ್ನು ಭಟ್ಟಿಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡದ್ದು ಇನ್ನೂ ಉರಿಯುತ್ತಿತ್ತು. "ಒಂದು ಕಾಳಿನ ವ್ಯತ್ಯಾಸ ಹಿಡಿದವನು ನಾನು," ಅಂದ. "ನನ್ನ ಹರಿವಾಣ ನನಗೆ ಗೊತ್ತಾಗಲ್ವಾ? ತಳ್ಳು ಒಳಗೆ."

"ಆಮೇಲೆ ನನ್ನ ಬೈಬೇಡ," ಎಂದು ಅಬುಜೆರ್ ತಳ್ಳಿದ.

ನಮಾಜು ಮುಗಿಸಿ ಹುರ್ಶಿತ್ ಭಟ್ಟಿಗೆ ಬಂದಾಗ ಸಾಲು ಕರಗಿತ್ತು. ಗುರುತಿಲ್ಲದ ಹರಿವಾಣ ಒಂದೇ ಉಳಿದಿತ್ತು. ಪಟ್ಟೆಪಟ್ಟೆ ಸಿಪ್ಪೆ, ಅಂಚು ಸುತ್ತ ಕೆಂಪಗೆ ಕುದಿದು ಇಂಗಿದ ಟೊಮೆಟೊ. ಎಷ್ಟು ಚೆನ್ನಾಗಿ ಬಂದಿದೆ ಎಂದು ಅವನಿಗೇ ಹೆಮ್ಮೆಯಾಯಿತು. ಅಬುಜೆರ್ ತಲೆ ಕೆರೆದುಕೊಂಡು, "ಇನ್ನೊಂದಕ್ಕೂ ಗುರುತಿರಲಿಲ್ಲ ಉಸ್ತಾ. ಚೀಟಿ ಅಂಟಿಸಿದ್ದರು, ಉರಿದುಹೋಯ್ತು. ಅವರದ್ದನ್ನ ಆಗಲೇ ತಗೊಂಡು ಹೋದರು. ನೋಡ್ಕೊ, ನಿನ್ನದೇ ತಾನೆ?" ಎಂದು ಕೇಳಿದ.

"ನನ್ನದೇ," ಅಂದ ಹುರ್ಶಿತ್, ಎರಡನೆಯ ಸಲ ನೋಡದೆ.

ಎಣ್ಣೆಯಲ್ಲಿ ಮಾಡಿದ ಬದನೆಕಾಯಿಯನ್ನು ಬಿಸಿಯಾಗಿ ತಿನ್ನಬಾರದು. ಕಿಟಕಿಯ ಕಟ್ಟೆಯ ಮೇಲಿಟ್ಟು ಸಂಜೆಯವರೆಗೆ ಕಾದ. ಬಿಸಿಲು ಇಳಿದು ಗಾಳಿ ಆಡಿದಾಗ ವೆಜಿಹೆಯ ಬೆನ್ನಿಗೆ ದಿಂಬು ಕೊಟ್ಟು, ತಟ್ಟೆಗೆ ಬಡಿಸಿ, ರೊಟ್ಟಿಯ ತುಂಡನ್ನು ಅವಳ ಎಡಗೈಗೆ ಕೊಟ್ಟ. ಅವಳು ತುತ್ತು ಮಾಡಿ ಬಾಯಿಗಿಟ್ಟಳು. ಅಗಿದಳು. ಅಗಿಯುವುದು ನಿಧಾನವಾಯಿತು, ನಿಂತಿತು. ಕುತ್ತಿಗೆಯಿಂದ ಮೇಲಕ್ಕೆ ಮುಖ ಕೆಂಪೇರಿತು.

ಇದೂ ಕೆಟ್ಟಿತು, ಎಂದುಕೊಂಡ ಹುರ್ಶಿತ್. ಕರವಸ್ತ್ರ ತರಲು ತಿರುಗಿದ.

"ಸಕ್ಕರೆ."

ಒರಟಾದ, ಧೂಳು ಹಿಡಿದ ದನಿ. ಹುರ್ಶಿತ್ ತಿರುಗಲಿಲ್ಲ, ತಿರುಗಿದರೆ ಮಾತು ಎಲ್ಲಿ ನಿಂತುಹೋಗುತ್ತದೋ ಎಂದು ಹಾಗೆಯೇ ನಿಂತ.

"ಸಕ್ಕರೆ ಹಾಕ್ತಾರಾ! ಬದನೆಕಾಯಿಗೆ! ಇದು... ಇದು ಅವಳದ್ದು. ಇಜ್ಮಿರ್... ಇಜ್ಮಿರ್‌ನೋಳದ್ದು!"

ಇಜ್ಮಿರ್‌ನವಳು ಎಂದರೆ ಮೂರನೆಯ ಮನೆಯ ಸುಹೈಲಾ. ಮದುವೆಯಾಗಿ ಕಿಲಿಸ್‌ಗೆ ಬಂದು ಅವಳ ತಲೆ ನರೆತಿದ್ದರೂ ಬೀದಿಗೆ ಇನ್ನೂ ಇಜ್ಮಿರ್‌ನವಳೇ. ಎಣ್ಣೆಯ ಅಡುಗೆಗೆಲ್ಲ ಚಿಟಿಕೆ ಸಕ್ಕರೆ ಹಾಕುವ ತವರಿನ ಪದ್ಧತಿಯನ್ನು ಅವಳು ಬಿಟ್ಟಿರಲಿಲ್ಲ. ಅದಕ್ಕಾಗಿ ಅವಳನ್ನು ಆಡಿಕೊಳ್ಳುವುದನ್ನು ವೆಜಿಹೆಯೂ ಬಿಟ್ಟಿರಲಿಲ್ಲ.

"ನಮ್ಮದು ಎಲ್ಲಿ?" ವೆಜಿಹೆ ಮಂಚವನ್ನು ಗುದ್ದಿದಳು. "ನಮ್ಮ... ನಮ್ಮ ದೋಣಿ ಎಲ್ಲಿ?"

ಅವಳು ಥಟ್ಟನೆ ಮಾತು ನಿಲ್ಲಿಸಿದಳು. ಆ ಶಬ್ದ ತಪ್ಪೆಂದು ಅವಳ ಕಿವಿಗೂ ಬಿದ್ದಿತ್ತು. ಗಂಡನ ಮುಖವನ್ನೇ ದುರುಗುಟ್ಟಿ ನೋಡಿದಳು, ತುಟಿ ಬಿಗಿದು. ಇನ್ನೊಂದು ಗಳಿಗೆ ಹೋಗಿದ್ದರೆ ಬಾಯಿ ಮತ್ತೆ ಮುಚ್ಚುತ್ತಿತ್ತು.

ಹುರ್ಶಿತ್ ಚಪ್ಪಲಿ ಹುಡುಕುತ್ತಿದ್ದ. "ಮೂರನೇ ಮನೇಲಿ ಇರಬೇಕು ನಮ್ಮ ದೋಣಿ," ಅಂದ. "ತಗೊಂಡು ಬರ್ತೀನಿ. ನೀನು ಏಳಬೇಡ."

ಸುಹೈಲಾಳ ಮನೆಯಲ್ಲಿ ಊಟ ಅರ್ಧ ಮುಗಿದಿತ್ತು. ಅವಳ ಗಂಡ, ಸುಂಕದ ಕಚೇರಿಯಿಂದ ನಿವೃತ್ತನಾದ ನಾಫಿಜ್, ಬೆರಳಿಗಂಟಿದ ಎಣ್ಣೆಯನ್ನು ರೊಟ್ಟಿಯಿಂದ ಒರೆಸಿಕೊಳ್ಳುತ್ತಿದ್ದ. ಹುರ್ಶಿತ್ ಏದುಸಿರಿನಲ್ಲೇ ವಿಷಯ ಹೇಳಿದ ಕೂಡಲೇ ನಾಫಿಜ್‌ನ ಮುಖ ಬೆಳಗಿತು.

"ಅದಕ್ಕೇ! ನಮ್ಮೋಳು ಇವತ್ತು ಕೊನೆಗೂ ಅಡುಗೆ ಕಲಿತಳು ಅಂದ್ಕೊಂಡಿದ್ದೆ!"

"ನಾಳೆಯಿಂದ ಹುರ್ಶಿತ್ ಉಸ್ತಾನ ಮನೇಲೇ ಊಟ ಮಾಡಿ," ಅಂದಳು ಸುಹೈಲಾ. ಆಮೇಲೆ ಹುರ್ಶಿತ್‌ನ ಕಣ್ಣು ನೋಡಿದಳು. "ಇರಿ. ನನ್ನದು ಅಂತ ನಿಮಗೆ ಹೇಗೆ ಗೊತ್ತಾಯ್ತು? ನೀವಂತೂ ರುಚಿ ಕಂಡುಹಿಡಿಯೋ ಪೈಕಿ ಅಲ್ಲ."

"ವೆಜಿಹೆ ಹೇಳಿದಳು."

"ಹೇಳಿದಳಾ? ಬಾಯಲ್ಲಿ?"

"ಬಾಯಲ್ಲಿ. ನಿಮ್ಮನ್ನ ಬೈದಳು."

ಸುಹೈಲಾ ಕೈಯಲ್ಲಿದ್ದ ಚಮಚ ಕೆಳಗಿಟ್ಟಳು. ಹರಿವಾಣದಲ್ಲಿ ಉಳಿದಿದ್ದ ಬದನೆಕಾಯಿಯನ್ನು ಒಂದು ಬದಿಗೆ ಸರಿಸಿದಳು. ಖಾಲಿಯಾದ ಬದಿಯನ್ನು ಬರಿದಾಗಿ ಕಳಿಸಲಾಗದು; ಅಲ್ಲಿ ಒಂದು ತಟ್ಟೆಯಿಟ್ಟು ಅದರ ತುಂಬ ಕಪ್ಪು ದ್ರಾಕ್ಷಿ ಗೊಂಚಲು ಪೇರಿಸಿದಳು. ತಲೆವಸ್ತ್ರ ಸರಿಮಾಡಿಕೊಂಡು, "ನಡೀರಿ, ಏನಂತ ಬೈದಳೋ ನನ್ನ ಮುಂದೇನೇ ಬೈಲಿ," ಎಂದು ತಾನೇ ಹೊತ್ತುಕೊಂಡು ಹೊರಟಳು.

ವೆಜಿಹೆ ದಿಂಬಿಗೆ ಒರಗಿ ನೆಟ್ಟಗೆ ಕೂತು ಕಾಯುತ್ತಿದ್ದಳು.

"ಸಕ್ಕರೆ," ಅಂದಳು, ಬಂದವಳು ಕೂರುವ ಮೊದಲೇ.

"ಹೌದಮ್ಮ ಹೌದು, ಒಂದು ಚಿಟಿಕೆ ಹಾಕ್ತೀನಿ. ನಮ್ಮೂರ ಕಡೆ ಹಾಗೇ. ಟೊಮೆಟೊ ಹುಳಿ ಮುರಿಯೋಕೆ."

"ಚಿಟಿಕೆ ಅಲ್ಲ. ಮು... ಮುಷ್ಟಿ."

"ಸುಳ್ಳು! ಮುಷ್ಟಿ ಹಾಕೋಕೆ ನಾನೇನು ಪಾಯಸ ಮಾಡ್ತೀನಾ?"

"ಪಾಯಸನೇ! ಇಷ್ಟು ವರ್ಷ... ಪಾಯಸನೇ ಮಾಡಿದ್ದು ನೀನು."

ಸುಹೈಲಾಳ ಕಣ್ಣು ತುಂಬಿತು, ಆದರೆ ದನಿ ತಗ್ಗಲಿಲ್ಲ. ತಗ್ಗಿಸಬಾರದೆಂದು ಅವಳಿಗೆ ತಿಳಿದಿತ್ತು. ಜಗಳ ನಿಂತರೆ ಮಾತೂ ನಿಲ್ಲಬಹುದು. "ನಿಮ್ಮೋರು ಹಾಕೋ ದಾಳಿಂಬೆ ಹುಳಿಗೆ ಹಲ್ಲು ಜುಮ್ಮನ್ನುತ್ತೆ, ಅದನ್ನ ಯಾರು ಕೇಳ್ತಾರೆ?" ಎಂದು ಮಂಚದ ಅಂಚಿನಲ್ಲಿ ಕೂತು ಇನ್ನೊಂದು ವಾದ ತೆಗೆದಳು. ವೆಜಿಹೆ ಉತ್ತರ ಕೊಟ್ಟಳು. ಕೆಲವು ಶಬ್ದ ಸರಿಯಾಗಿ ಬಂದವು, ಕೆಲವು ಬೇರೆ ಯಾವುದೋ ದಾರಿಗೆ ಹೋದವು. ಸುಹೈಲಾ ಎಲ್ಲಕ್ಕೂ ಸಮನಾಗಿ ತಿರುಗಿಬಿದ್ದಳು.

ನಡುವೆ ವೆಜಿಹೆ ಗಂಡನ ಕಡೆ ತಿರುಗಿ ಬಾಗಿಲ ಬಳಿ ನಿಂತೇ ಇದ್ದ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ನಿಂತಿದೀಯ ಏನು? ಬಂದೋಳಿಗೆ ಒಂದು ಕ... ಕತ್ತೆ ಕೊಡು."

ಯಾರೂ ನಗಲಿಲ್ಲ. ಹುರ್ಶಿತ್ ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟ. ಹಿಂದಿನಿಂದ ಮೊದಲು ಕೇಳಿದ್ದು ವೆಜಿಹೆಯ ನಗು, ಗಂಟಲಲ್ಲಿ ಸಿಕ್ಕಿ ಸಿಕ್ಕಿ ಬರುವ ನಗು. ಅದರ ಹಿಂದೆ ಸುಹೈಲಾಳದ್ದು. ಅವನು ಮಾತ್ರ ತುಟಿ ಕಚ್ಚಿಕೊಂಡು ನೀರು ಕುದಿಯುವುದನ್ನೇ ನೋಡುತ್ತಾ ನಿಂತ.

ಚಹಾ ತರುವಷ್ಟರಲ್ಲಿ ವೆಜಿಹೆ ಅವನ ಹರಿವಾಣದಿಂದ ಒಂದು ಬದನೆಕಾಯಿ ತಿಂದು ಮುಗಿಸಿ ಎರಡನೆಯದಕ್ಕೆ ಕೈ ಹಾಕಿದ್ದಳು. ಅವನು ಕೇಳಲಿಲ್ಲ. ಅವಳೇ ಹೇಳಿದಳು.

"ಉಪ್ಪು ಕಡಿಮೆ."

"ಎಷ್ಟು ಕಡಿಮೆ?"

ವೆಜಿಹೆ ಶಬ್ದ ಹುಡುಕಿದಳು. ಹುಬ್ಬು ಗಂಟಿಕ್ಕಿತು, ಎಡಗೈ ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋಯಿತು. ಹುರ್ಶಿತ್ ಚಹಾದ ತಟ್ಟೆ ಹಿಡಿದು ಕಾದ.

"ಎಷ್ಟು... ಹಿಡಿಯುತ್ತೋ... ಅಷ್ಟು."

"ಗ್ರಾಂ ಹೇಳೇ ಮಾರಾಯ್ತಿ!" ಎಂದು ಹುರ್ಶಿತ್ ಕೂಗಿದ. ಕೈಯಲ್ಲಿದ್ದ ಲೋಟಗಳು ಗಲಗಲ ಅಂದವು. "ಒಂದು ಸಲ ಗ್ರಾಂ ಹೇಳಿದರೆ ನಿನ್ನ ಗಂಟೇನು ಹೋಗುತ್ತೆ?"